ಕೈ ಎಲ್ಲಿ?

ಸ್ಟ್ರೆಚರ್ ಆಸ್ಪತ್ರೆಯೊಳಗೆ ಬರುವಷ್ಟರಲ್ಲಿ ಅತ್ತಿಗೆಯ ಮಣಿಕಟ್ಟಿಗೆ ಸುತ್ತಿದ್ದ ಬಟ್ಟೆ ನೆನೆದು ತೊಟ್ಟಿಕ್ಕುತ್ತಿತ್ತು. ಮಣಿಕಟ್ಟಿನಿಂದಾಚೆ ಏನೂ ಇರಲಿಲ್ಲ. ನಾದಿನಿ ಅವಳ ತೋಳನ್ನು ಎರಡೂ ಕೈಯಲ್ಲಿ ಹಿಚುಕಿ ಹಿಡಿದು ಪಕ್ಕದಲ್ಲೇ ಓಡಿ ಬಂದಳು. ಇಬ್ಬರೂ ತಗಡು ಕತ್ತರಿಸುವ ಒಂದೇ ಶೆಡ್ಡಿನಲ್ಲಿ ದುಡಿಯುವವರು.

ಡಾಕ್ಟರಮ್ಮ ಬಟ್ಟೆ ಬಿಚ್ಚಿದ ಕೂಡಲೇ ರಕ್ತ ಅವರ ಕನ್ನಡಕಕ್ಕೆ ಚಿಮ್ಮಿತು. ತೋಳಿಗೆ ಪಟ್ಟಿ ಬಿಗಿದರು. ಅತ್ತಿಗೆ ಕಾಲು ಝಾಡಿಸಿ ಕಿರುಚಿದಳು. ನಾಲ್ವರು ಅದುಮಿ ಹಿಡಿದರು. ನರ್ಸು ಸೂಜಿ ಚುಚ್ಚಿ ರಕ್ತದ ಚೀಲ ತೂಗುಹಾಕಿದಳು.

"ಏನಾಯ್ತು?"

"ಬಸ್ಸಿಂದ ಬಿದ್ಳು ಮೇಡಂ. ಚಕ್ರ ಹತ್ತಿಬಿಡ್ತು," ಎಂದ ಜೊತೆಗೆ ಬಂದಿದ್ದ ಶೆಡ್ಡಿನ ಮೇಸ್ತ್ರಿ, ನಾದಿನಿ ಬಾಯಿ ತೆರೆಯುವ ಮೊದಲೇ.

"ಚಕ್ರ ಹತ್ತಿದ್ರೆ ಜಜ್ಜಿ ಹೋಗಿರ್ತಿತ್ತು. ಇದು ಕತ್ತರಿಸಿದ್ದು. ಕೈ ಎಲ್ಲಿ? ಬೇಗ ತಂದ್ರೆ ಜೋಡಿಸಿ ನೋಡಬಹುದು."

"ರಸ್ತೇಲಿ ಎಲ್ಲೋ..."

ಮೇಸ್ತ್ರಿ ನಾದಿನಿಯ ರಟ್ಟೆ ಹಿಡಿದು ಪರದೆಯಾಚೆ ಎಳೆದ. "ಬಾಯಿ ಬಿಟ್ರೆ ಶೆಡ್ಡಿಗೇ ಬೀಗ ಬೀಳುತ್ತೆ. ನಿಮ್ಮಣ್ಣ ಹಾಸಿಗೆ ಹಿಡಿದಿದಾನೆ. ಆಮೇಲೆ ಮನೇಲಿ ಒಲೆ ಹಚ್ಚೋರ್ಯಾರು?"

ಅವಳು ತಲೆ ತಗ್ಗಿಸಿದಳು. ಮಿಷನ್ನಿನ ಮುಂದಿನ ತಡೆಕಂಬಿ ಬಿಚ್ಚಿಸಿದವನೇ ಇವನು. ಕಂಬಿ ಇದ್ದರೆ ಕೆಲಸ ಕುಂಟುತ್ತದಂತೆ.

ಒಳಗಿಂದ ಅತ್ತಿಗೆ ಕೂಗಿದಳು. "ಲೇ, ನನ್ ಕೈ ಎಲ್ಲೇ?"

ನಾದಿನಿ ರಟ್ಟೆ ಕೊಸರಿಕೊಂಡು ಪರದೆ ಕಿತ್ತೆಳೆದಳು. "ಬಸ್ಸೂ ಇಲ್ಲ, ಮಣ್ಣೂ ಇಲ್ಲ ಡಾಕ್ಟರಮ್ಮ! ತಗಡು ಕತ್ತರಿಸೋ ಮಿಷನ್ನು. ಕೈ ಅಲ್ಲೇ ಇದೆ!"

ಮೇಸ್ತ್ರಿ ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. ಸ್ಟ್ರೆಚರ್ ತಳ್ಳುವವನು ಅವನ ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದ.

"ಶೆಡ್ಡಿಗೆ ಫೋನ್ ಮಾಡು," ಎಂದರು ಡಾಕ್ಟರಮ್ಮ ನಾದಿನಿಗೆ. "ಒದ್ದೆ ಬಟ್ಟೇಲಿ ಸುತ್ತಿ, ಚೀಲಕ್ಕೆ ಹಾಕಿ, ಚೀಲಾನ ಐಸಲ್ಲಿಟ್ಟು ತರಲಿ."

ಅತ್ತ ಕಡೆ ಫೋನೆತ್ತಿದ ಜೊತೆಗೆಲಸದವಳು ಬಿಕ್ಕಿದಳು. "ಮಿಷನ್ ತೊಳೆಸಿಬಿಟ್ರು ಕಣೇ. ಮತ್ತೆ ಓಡ್ತಿದೆ."

"ಕೈ?"

ಮಿಷನ್ನಿನ ಸದ್ದಷ್ಟೇ. ಸ್ವಲ್ಪ ಹೊತ್ತಿಗೆ ಅಲ್ಲಿ ಯಾರೋ ಮಿಷನ್ ನಿಲ್ಲಿಸಿದರು.

ಅರ್ಧ ಗಂಟೆಯಲ್ಲಿ ಶೆಡ್ಡಿನ ಹದಿನಾಲ್ಕು ಜನ ಎಣ್ಣೆ ಬಟ್ಟೆಯಲ್ಲೇ ನುಗ್ಗಿ ಬಂದರು. ಗುಜರಿ ಡಬ್ಬ ಸುರಿದು ಹುಡುಕಿದ್ದರು. ತಂದಿದ್ದ ಚೀಲ ಬಿಚ್ಚಿ ಡಾಕ್ಟರಮ್ಮ ಕೈಯನ್ನು ತಟ್ಟೆಯಲ್ಲಿಟ್ಟರು. ಮಿಷನ್ ತೊಳೆದ ಸೀಮೆಎಣ್ಣೆಯ ನಾತ. ತಗಡಿನ ಚೂರುಗಳು ಬೆರಳುಗಳನ್ನು ಮೂಳೆಯವರೆಗೂ ಸೀಳಿದ್ದವು.

"ಆಗಲ್ಲಮ್ಮ," ಎಂದರು ಮೆಲ್ಲಗೆ. "ಇದನ್ನ ಜೋಡಿಸೋಕಾಗಲ್ಲ."

ಅತ್ತಿಗೆಯನ್ನು ಆಪರೇಷನ್ನಿಗೆ ಒಯ್ದರು. ನಾದಿನಿ ಅಳಲಿಲ್ಲ. ಕೈಯಿದ್ದ ತಟ್ಟೆಯನ್ನು ತಂದು ಆಸ್ಪತ್ರೆಯ ಪೊಲೀಸ್ ಪೇದೆಯ ಮೇಜಿನ ಮೇಲಿಟ್ಟಳು. ಮೇಸ್ತ್ರಿ ಹೇಳಿದ್ದನ್ನೇ ಅವನು ಆಗಲೇ ಬರೆದುಕೊಂಡಿದ್ದ.

"ಆ ಬಸ್ಸಿನ ಕಥೆ ಹೊಡೆದು ಹಾಕಿ."

"ಬರೆದಿದ್ದನ್ನ ಸುಮ್ನೆ ಹೊಡೆದು ಹಾಕೋಕಾಗುತ್ತಾ? ಸಾಕ್ಷಿ ಯಾರು?"

ಹಿಂದೆ ನಿಂತವರು ಒಬ್ಬೊಬ್ಬರಾಗಿ ಕೈ ಎತ್ತಿದರು. ಪೇದೆ ನೋಡಿದ. ಒಬ್ಬಳಿಗೆ ಹೆಬ್ಬೆರಳಿಲ್ಲ. ಒಬ್ಬನಿಗೆ ಉಳಿದದ್ದು ಎರಡೇ ಬೆರಳು. ಮುದುಕನೊಬ್ಬನ ಅಂಗೈ ಅರ್ಧಕ್ಕೇ ಮುಗಿದಿತ್ತು.

ಪೇದೆ ಪೆನ್ನು ಎತ್ತಿಕೊಂಡ.

"ಮೊದ್ಲು ನಮ್ಮತ್ತಿಗೇದು ಬರೀರಿ," ಎಂದಳು ನಾದಿನಿ, ತುಟಿಯ ರಕ್ತ ಒರೆಸಿಕೊಳ್ಳುತ್ತ. "ಆಮೇಲೆ ಒಬ್ಬೊಬ್ರದೇ. ಎಷ್ಟೊತ್ತಾದ್ರೂ ಸರಿ, ನಿಂತಿರ್ತೀವಿ."