ಇಪ್ಪತ್ತೆರಡು ಕೋಟುಗಳ ಪರದೆ

ನನ್ನ ತಮ್ಮನ ತೋಳುಗಳ ಮೇಲೆ ಹನ್ನೊಂದು ಸುಟ್ಟ ಗಾಯಗಳಿವೆ. ಒಂದು ಹಳೆಯದು, ಹತ್ತು ಈ ತಿಂಗಳಿನವು. ಎರಕದ ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವ ಕೆಲಸ ಅವನದು. ಹೊಯ್ಯುವಾಗ ಕಿಡಿ ಹಾರುತ್ತದೆ. ದಪ್ಪ ಬಟ್ಟೆಯ ಕೋಟು ಇದ್ದಾಗ ಕಿಡಿ ಕೋಟನ್ನು ತಿನ್ನುತ್ತಿತ್ತು. ಕೋಟು ಹೋದ ಮೇಲೆ ತೋಳನ್ನು ತಿನ್ನತೊಡಗಿತು.

ಕೋಟು ಎಲ್ಲಿಗೆ ಹೋಯಿತು? ಕಲೆಗೆ ಹೋಯಿತು.

ಮಾಲೀಕರ ಗೆಳೆಯನೊಬ್ಬ ಕಲಾವಿದನಂತೆ. ಒಂದು ದಿನ ಕಾರ್ಖಾನೆಗೆ ಬಂದ. ಹಳೆಯ ವಸ್ತುಗಳಿಂದ ಹೊಸದನ್ನು ಕಟ್ಟುವುದೇ ತನ್ನ ಕಲೆ, ಹೊಸ ಬಟ್ಟೆ ಕೊಳ್ಳುವುದು ಭೂಮಿಗೆ ಬಗೆಯುವ ದ್ರೋಹ ಎಂದೆಲ್ಲ ಭಾಷಣ ಬಿಗಿದ. ಅವನು ತೊಟ್ಟಿದ್ದ ಅಂಗಿಯಲ್ಲಿ ಅಂಗಡಿಯ ಮಡಿಕೆ ಇನ್ನೂ ಹಾಗೇ ಇತ್ತು ಎಂದು ತಮ್ಮ ಹೇಳಿದ. ಇಪ್ಪತ್ತೆರಡು ಜನರ ಕೋಟುಗಳನ್ನು ಗಂಟು ಕಟ್ಟಿಸಿಕೊಂಡು ಹೋದ. ವಾರದೊಳಗೆ ಹೊಸವು ಬರುತ್ತವೆ ಎಂದು ಮಾಲೀಕರು ಮೂಗಿಗೆ ತುಪ್ಪ ಸವರಿದರು. ತಿಂಗಳಾಯಿತು. ಕೇಳಿದಾಗಲೆಲ್ಲ ಮೇಸ್ತ್ರಿ ಬರುತ್ತವೆ ಬರುತ್ತವೆ ಅನ್ನುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ನಾನು ಲಾಂಡ್ರಿಯಲ್ಲಿ ರಫೂ ಮಾಡುವವಳು. ಬಟ್ಟೆ ಎಲ್ಲಿ ಹರಿದಿದೆಯೋ ಅಲ್ಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ತೆಗೆದ ಎಳೆಗಳನ್ನು ಅಡ್ಡ ಉದ್ದ ನೇಯುತ್ತೇನೆ. ತೂತು ಎಲ್ಲಿತ್ತೆಂದು ಆಮೇಲೆ ಹೊಲಿದವಳಿಗೂ ತಿಳಿಯಬಾರದು, ಅಮ್ಮ ಕಲಿಸಿದ್ದು ಹಾಗೆ. ಹಳೆಯದನ್ನು ಹೊಸದು ಮಾಡುವುದನ್ನು ನಮಗೆ ಯಾವ ಮಹಾಶಯನೂ ಬಂದು ಹೇಳಿಕೊಡಬೇಕಾಗಿಲ್ಲ.

ಆ ಕೋಟುಗಳು ನಮ್ಮ ಲಾಂಡ್ರಿಗೇ ಬಂದವು. ಬೆವರಿನ ವಾಸನೆ ಅತಿಥಿಗಳಿಗೆ ಆಗುವುದಿಲ್ಲವಂತೆ, ಮೊದಲು ಒಗೆಯಬೇಕಂತೆ. ಆಮೇಲೆ ನಾನು ಎಲ್ಲವನ್ನೂ ಒಂದಕ್ಕೊಂದು ಸೇರಿಸಿ ಗೋಡೆಯಗಲದ ಪರದೆ ಮಾಡಬೇಕು. ಹಿಂದಿನಿಂದ ದೀಪ ಹಾಕಿದರೆ ಕಿಡಿ ಸುಟ್ಟ ತೂತುಗಳೆಲ್ಲ ನಕ್ಷತ್ರಗಳಂತೆ ಹೊಳೆಯುತ್ತವಂತೆ. ಹೆಸರು ‘ಶ್ರಮದ ಆಕಾಶ’. ಕೆಸರು ನಮ್ಮವರ ಕೈಗೆ, ಮೊಸರು ಇವನ ಬಾಯಿಗೆ.

ಎಡತೋಳಿನಲ್ಲಿ ದೊಡ್ಡ ತೂತಿದ್ದ ಕೋಟು ತಮ್ಮನದೆಂದು ನೋಡಿದೊಡನೆ ಗೊತ್ತಾಯಿತು. ಆ ತೂತಿನ ಅಡಿಯ ಗಾಯಕ್ಕೆ ಮೂರು ವಾರ ಮುಲಾಮು ಹಚ್ಚಿದವಳು ನಾನೇ. ಇದೊಂದನ್ನು ವಾಪಸ್ಸು ಕೊಡಿ, ಅವನಿಗೆ ತೊಡಲು ಬೇರೆ ಇಲ್ಲ ಎಂದು ಕೇಳಿದೆ.

“ಇದು ಈಗ ಕೋಟಲ್ಲಮ್ಮ, ಕೃತಿ,” ಎಂದ ಕಲಾವಿದ. ತೂತಿನೊಳಗೆ ಬೆರಳು ತೂರಿಸಿ ಆಡಿಸಿದ. “ಎಷ್ಟು ಚೆನ್ನಾಗಿದೆ ನೋಡು. ಕತ್ತರಿ ತಗೊಂಡು ಇನ್ನೊಂಚೂರು ದೊಡ್ಡದು ಮಾಡು. ಇದು ಚಂದ್ರ ಆಗ್ಲಿ.”

ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯಲಿಲ್ಲ. ಆಗಲಿ ಸಾರ್ ಎಂದೆ.

ಒಗೆಯುವ ಅಕ್ಕನಿಗೂ ಇಸ್ತ್ರಿಯ ಚಿಕ್ಕಮ್ಮನಿಗೂ ಹೇಳಿದೆ. ಅಕ್ಕನ ಗಂಡನ ಕೋಟೂ ಆ ರಾಶಿಯಲ್ಲಿತ್ತು. ಊಟದ ಬಿಡುವಿನಲ್ಲೂ ಏಳದೆ ಒಂಬತ್ತು ದಿನ ಕೂತೆವು. ಅವರಿಬ್ಬರು ಎಳೆ ತೆಗೆದು ಕೊಟ್ಟರು, ನಾನು ನೇಯ್ದೆ. ಒಂದು ತೂತನ್ನೂ ಉಳಿಸಲಿಲ್ಲ. ಕೋಟಿಗೆ ಕೋಟು ಸೇರಿಸಿದ್ದು ಮಾತ್ರ ಕಚ್ಚಾ ಹೊಲಿಗೆಯಲ್ಲಿ, ದಾರ ಎಳೆದರೆ ಬಿಚ್ಚಿಕೊಳ್ಳುವ ಹಾಗೆ. ತಮ್ಮನಿಗೂ ತಿಳಿಸಿದೆ. ಕೆಲಸ ಹೋದೀತು ಅಕ್ಕ ಎಂದ. ತೋಳು ಹೋದರೆ ಕೆಲಸ ಉಳಿಯುತ್ತದೆಯೇ ಎಂದು ಕೇಳಿದೆ. ಯಾವ ದಾರ ಎಳೆಯಬೇಕೆಂದು ಕೇಳಿ ತಿಳಿದುಕೊಂಡ.

ಪ್ರದರ್ಶನದ ದಿನ ಪರದೆ ತೂಗುಹಾಕಲು ನಮ್ಮನ್ನೇ ಕರೆಸಿದರು. ಇಪ್ಪತ್ತೆರಡು ಜನರನ್ನೂ ತಂದು ಗೋಡೆಯುದ್ದಕ್ಕೆ ನಿಲ್ಲಿಸಿದ್ದರು. ನಿಜವಾದ ಕೂಲಿಯವರು ಹೇಗಿರುತ್ತಾರೆಂದು ಅತಿಥಿಗಳು ನೋಡಬೇಕಲ್ಲ! ಕಲಾವಿದ ಪರದೆಯತ್ತ ತಿರುಗಿಯೂ ನೋಡಲಿಲ್ಲ. ಬಾಗಿಲಿನ ಹಲಗೆಯಲ್ಲಿ ತನ್ನ ಹೆಸರು ಮಾಲೀಕರ ಹೆಸರಿಗಿಂತ ಸಣ್ಣದಾಯಿತೆಂಬ ಚಿಂತೆ ಅವನಿಗೆ.

ಕೋಣೆ ಕತ್ತಲಾಯಿತು. ಮಾಲೀಕರು ಸ್ವಿಚ್ ಒತ್ತಿದರು. ಅಂಚುಗಳಲ್ಲಿ ಒಂದಿಷ್ಟು ಬೆಳಕು ಸೋರಿತು, ಅಷ್ಟೆ. ಒಂದು ನಕ್ಷತ್ರವೂ ಮೂಡಲಿಲ್ಲ. ಇದೇ ಕಲೆ ಇರಬೇಕೆಂದು ಒಬ್ಬ ಅತಿಥಿ ಚಪ್ಪಾಳೆ ತಟ್ಟಿದ. ಕಲಾವಿದನ ಮುಖ ಇಂಗು ತಿಂದ ಮಂಗನಂತಾಯಿತು. ದೀಪಗಳನ್ನು ಹಾಕಿಸಿ, ತನ್ನ ಕೃತಿಯನ್ನು ಹಾಳುಮಾಡಿದವರು ಯಾರೆಂದು ಕೂಗಾಡಿದ.

“ನಾನೇ ಸಾರ್,” ಎಂದೆ. “ಹರಿದಿತ್ತು, ಸರಿ ಮಾಡಿದೆ.”

ತಮ್ಮ ಗೋಡೆ ಬಿಟ್ಟು ಬಂದ. ದಾರ ಎಳೆದು ತನ್ನ ಕೋಟು ಬಿಡಿಸಿಕೊಂಡು ತೊಟ್ಟ. ಗುಂಡಿ ಹಾಕತೊಡಗಿದ. ಕೋಟು ಕಂಪನಿಯ ಆಸ್ತಿ, ತೊಟ್ಟುಕೊಂಡು ಹೋದವನು ನಾಳೆ ಕೆಲಸಕ್ಕೆ ಬರಬೇಕಾಗಿಲ್ಲ ಎಂದರು ಮಾಲೀಕರು. ತಮ್ಮನ ಕೈ ಗುಂಡಿಯ ಮೇಲೇ ನಿಂತಿತು.

ಆಗ ಎಲ್ಲರೂ ದೊಡ್ಡಪ್ಪ ಎಂದು ಕರೆಯುವ ಹಿರಿಯ ಎರಕದವನು ಮುಂದೆ ಬಂದ. ಮೂವತ್ತು ವರ್ಷದಲ್ಲಿ ಮಾಲೀಕರ ಎದುರು ಒಮ್ಮೆಯೂ ತಲೆ ಎತ್ತಿದವನಲ್ಲ. ನಿಧಾನವಾಗಿ ತನ್ನ ಕೋಟು ಬಿಡಿಸಿ, ತೊಟ್ಟು, ಕಾಲರ್ ಸರಿಮಾಡಿಕೊಂಡ.

“ಆಯ್ತು ಸ್ವಾಮಿ, ಬರಲ್ಲ,” ಎಂದ. “ನಾಳೆ ಕಬ್ಬಿಣ ಹೊಯ್ಯೋಕೆ ನೀವಿಬ್ರೇ ಬನ್ನಿ. ಬರೀ ತೋಳಲ್ಲಿ ಬನ್ನಿ.”

ಉಳಿದ ಇಪ್ಪತ್ತು ಜನ ದಾರ ಎಳೆಯತೊಡಗಿದರು.