ಮರಿ ಪ್ರೋಗ್ರಾಮುಗಳ ಹೊತ್ತು

ಪರದೆಯ ಮೇಲೆ ಅಂಕಿ ಮೂಡುವಷ್ಟರಲ್ಲಿ ಸೋಮಶೇಖರಪ್ಪ ಮೂರು ಸಲ ಕನ್ನಡಕ ಒರೆಸಿಕೊಂಡಿದ್ದ. ಅವನ ಪ್ರೋಗ್ರಾಮು ಯಂತ್ರದ ಹೊತ್ತಿನಲ್ಲಿ ತಾನಾಗಿ ತಿಂದದ್ದು ಎರಡೇ ನಿಮಿಷ. ಅದು ಹುಟ್ಟಿಸಿದ ಮರಿ ಪ್ರೋಗ್ರಾಮುಗಳು ತಿಂದದ್ದು ಐವತ್ತೆರಡು.

ಹಿಂದೂಪುರದ ಆ ಎಣ್ಣೆ ಮಿಲ್ಲಿಗೆ ಇದ್ದದ್ದು ಒಂದೇ ಕಂಪ್ಯೂಟರು, ಅದಕ್ಕೆ ನಾಲ್ಕು ಟರ್ಮಿನಲ್ಲು. ತೊಂಬತ್ತಮೂರರ ಬೇಸಿಗೆಯಲ್ಲಿ ಅದು ಮುದಿ ಎತ್ತಿನ ಹಾಗೆ ನಡುದಾರಿಯಲ್ಲೇ ಮಲಗತೊಡಗಿತು. ಯಾರ ಪ್ರೋಗ್ರಾಮು ಯಂತ್ರದ ಹೊತ್ತನ್ನೆಲ್ಲ ನುಂಗುತ್ತಿದೆಯೋ ಅಳೆದು ತೋರಿಸಿ ಎಂದರು ಮ್ಯಾನೇಜರ್ ಮರುಳಸಿದ್ದಪ್ಪನವರು. ಅಳೆದಾಗ ಸೋಮಶೇಖರಪ್ಪನದು ಎರಡು ನಿಮಿಷ, ಜೊತೆಯಲ್ಲಿ ಕೆಲಸ ಮಾಡುವ ಆದಿಲಕ್ಷ್ಮಮ್ಮನದು ಮೂವತ್ತು. ಅಲ್ಲಿಗೆ ತೀರ್ಮಾನವಾಯಿತು. ಸೋಮವಾರದಿಂದ ಅವಳು ಆಳು ಕಡಿಮೆಯಿದ್ದ ಕಲ್ಯಾಣದುರ್ಗದ ಗೋದಾಮಿಗೆ ಹೋಗಬೇಕು. ಅಲ್ಲಿ ಕಂಪ್ಯೂಟರಿನ ಸುದ್ದಿಯೇ ಇಲ್ಲ. ದಿನವಿಡೀ ಕಡಲೆಕಾಯಿ ಮೂಟೆಗಳಿಗೆ ಚೀಟಿ ಬರೆಯುವುದು. ಕಂಪ್ಯೂಟರಿನ ವಿದ್ಯೆ ಕಲಿಯಲೆಂದು ಅವಳು ಎರಡು ವರ್ಷ ಕಂಬದೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿದವಳು.

ಮರಿಗಳು ಕೆಲಸ ಮುಗಿಸುವ ತನಕ ಅವನ್ನು ಹುಟ್ಟಿಸಿದ ತಾಯಿ ಪ್ರೋಗ್ರಾಮು ಕಾದರೆ ಮಾತ್ರ ಅವುಗಳ ಹೊತ್ತನ್ನು ಯಂತ್ರ ತಾಯಿಯ ಲೆಕ್ಕಕ್ಕೆ ಸೇರಿಸುತ್ತದೆ. ಸೋಮಶೇಖರಪ್ಪನ ಪ್ರೋಗ್ರಾಮೋ, ಮರಿಗಳನ್ನು ದುಡಿಮೆಗೆ ಹಚ್ಚಿ ತಾನು ಎದ್ದು ಹೋಗಿಬಿಡುತ್ತಿತ್ತು; ಮರಿಗಳ ಹೊತ್ತು ಅವನ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಇದು ಹೊಳೆದ ಮೇಲೂ ಅವನು ಬಾಯಿ ಹೊಲಿದುಕೊಂಡು ಕೂತ. ಆ ಗೋದಾಮಿನ ಧೂಳನ್ನು ಹನ್ನೊಂದು ವರ್ಷ ಕುಡಿದು, ಅವರಿವರ ಕಾಲು ಹಿಡಿದು ಇಲ್ಲಿಗೆ ಬಂದವನು. ಈಗ ವಯಸ್ಸು ಐವತ್ತನಾಲ್ಕು, ಮತ್ತೆ ಅಲ್ಲಿಗೆ ಹೋಗುವ ಮನಸ್ಸೇ ಇರಲಿಲ್ಲ. ಪಕ್ಕದಲ್ಲಿ ಅವಳು ಕಣ್ಣು ಕೆಂಪಗೆ ಮಾಡಿಕೊಂಡು, ತಪ್ಪಿಲ್ಲದ ತನ್ನ ಪ್ರೋಗ್ರಾಮನ್ನೇ ಮತ್ತೆ ಮತ್ತೆ ಕತ್ತರಿಸುತ್ತಿದ್ದಳು.  ಶನಿವಾರ ಮಧ್ಯಾಹ್ನ ಅವನು ತಡೆಯಲಾರದೆ, ತನ್ನ ಪ್ರೋಗ್ರಾಮಿಗೆ ಮರಿಗಳಿಗಾಗಿ ಕಾಯುವ ಒಂದು ಸಾಲು ಸೇರಿಸಿ ಓಡಿಸಿದ.

ಆದಿಲಕ್ಷ್ಮಮ್ಮನನ್ನು ಕರೆದು ಪರದೆಯ ಮೇಲಿನ ಐವತ್ತೆರಡನ್ನು ತೋರಿಸಿದ. ಅವಳು ಅಂಕಿಯ ಮೇಲೆ ಬೆರಳಿಟ್ಟು ಓದಿಕೊಂಡಳು.

"ಇದು ನಿಮ್ಗೆ ಯಾವಾಗ ಗೊತ್ತಾಯ್ತು ಸಾರ್?"

"ಮಂಗ್ಳವಾರವೇ ಗೊತ್ತಿತ್ತು ಕಣಮ್ಮ."

"ಐದು ದಿವ್ಸದಿಂದ ನಾನು ಬರ್ದು ಬರ್ದು ಅಳಿಸ್ತಿದ್ನಲ್ಲ, ನೋಡ್ಕೊಂಡೇ ಕೂತಿದ್ರಾ?"

ಅವನು ಹೂಂ ಎಂದ. ಅಂಕಿಗಳನ್ನು ಕಾಗದದಲ್ಲಿ ಬರೆದುಕೊಂಡು ಮ್ಯಾನೇಜರ ಕೋಣೆಗೆ ಹೋದ.

ಮರುಳಸಿದ್ದಪ್ಪನವರು ಕಾಗದವನ್ನು ಎರಡು ಸಲ ಓದಿ, ಅರ್ಥವಾಗದೆ ಮತ್ತೊಮ್ಮೆ ಹೇಳಿಸಿಕೊಂಡರು. ಸಿಟ್ಟಾಗಲಿಲ್ಲ, ಸಿಟ್ಟಾಗುವಷ್ಟು ಕಸುವು ಅವರಲ್ಲೂ ಉಳಿದಿರಲಿಲ್ಲ. ಗೋದಾಮಿಗೆ ಸೋಮವಾರ ಒಬ್ಬರು ಬೇಕೇ ಬೇಕಿತ್ತು.

"ಹಂಗಾರೆ ಅಲ್ಲಿಗೆ ಯಾರ್ನ ಕಳಿಸ್ಲಪ್ಪ?"

"ನಾನೇ ಹೋಯ್ತೀನಿ ಸಾರ್."

ಹೊರಗೆ ಬಂದಾಗ ಆದಿಲಕ್ಷ್ಮಮ್ಮ ತನ್ನ ಜಾಗದಲ್ಲಿ ಕೂತು ಟೈಪು ಮಾಡುತ್ತಿದ್ದಳು. ನೀನು ಎಲ್ಲಿಗೂ ಹೋಗಬೇಕಿಲ್ಲವಮ್ಮ ಎಂದು ಅವನು ಹೇಳಿದ. "ಸರೇ ಸಾರ್" ಅಂದಳು. ತಲೆಯೆತ್ತಲಿಲ್ಲ.