ಎರಡೂ ತುದಿ ಕಟ್ಟಿದ ಜಾಲರಿ

ಅಯ್ಯೋ, ಮೀಟರಿನ ಅಂಕಿ ಮತ್ತೆ ಕುಣಿಯಿತು, ನೂರಕ್ಕೆ ನಲವತ್ತೆರಡು ಇದ್ದದ್ದು ಎಪ್ಪತ್ತು, ಎಪ್ಪತ್ತರಿಂದ ಮೂವತ್ತು — ತೊಟ್ಟಿಯಲ್ಲಿ ನೀರೇನು ಕುಪ್ಪಳಿಸುತ್ತದೆಯೇ, ನಾನೇ ಏಣಿ ಹತ್ತಿ ನೋಡಿ ಬಂದೆ, ತೆಪ್ಪಗಿದೆ, ಪಂಪಿನ ಮೋಟಾರ್ ಶುರುವಾದ ಕೂಡಲೇ ನೀರಿನ ಮಟ್ಟ ತೋರಿಸುವ ಈ ಮೀಟರಿಗೆ ಮಾತ್ರ ತಲೆ ಕೆಡುತ್ತದೆ, ನೀರು ಕಡಿಮೆಯಾಯಿತೆಂದು ಪಂಪ್ ತಾನೇ ನಿಲ್ಲುತ್ತದೆ, ಮೂರು ವಾರದಿಂದ ಇದೇ ಗೋಳು. ಬೆಳಿಗ್ಗೆ ಸೂಪರ್‌ವೈಸರ್ ಹೇಳಿಯೇಬಿಟ್ಟರು, ನೋಡಮ್ಮ, ಇವತ್ತು ಸರಿಹೋಗ್ಲಿಲ್ಲ ಅಂದ್ರೆ ಹೊರಗಿನವರನ್ನ ಕರೆಸ್ತೀನಿ, ನೀನು ನಾಳೆಯಿಂದ ಸ್ಟೋರ್‌ನಲ್ಲಿ ಬೋಲ್ಟ್ ಎಣಿಸ್ಕೊಂಡಿರು. ಬೋಲ್ಟ್ ಎಣಿಸುವುದಕ್ಕೆ ಇಷ್ಟು ಕಲಿತೆನೇ, ಸಿಟ್ಟು ನೆತ್ತಿಗೇರುತ್ತದೆ, ಆದರೆ ತಪ್ಪು ತೊಟ್ಟಿಯಲ್ಲಿ ಮಟ್ಟ ಅಳೆಯುವ ಸೆನ್ಸರಿನದ್ದೇ ಎಂದು ಎದೆ ತಟ್ಟಿ ಹೇಳಿ ಎರಡು ಸಲ ಅದನ್ನು ಬದಲಿಸಿದವಳು ನಾನೇ ತಾನೆ. ಇನ್ನು ಉಳಿದದ್ದು ಸೆನ್ಸರಿನಿಂದ ಮೀಟರಿನ ಪ್ಯಾನೆಲ್‌ವರೆಗಿನ ಕೇಬಲ್, ನಾನೇ ಎಳೆದದ್ದು, ಅದನ್ನು ಅನುಮಾನಿಸಲು ಮನಸ್ಸೇ ಬಂದಿರಲಿಲ್ಲ. ಅದರ ಮೈಗೆ ಸುತ್ತಿದ ತಾಮ್ರದ ಜಾಲರಿ, ಮೋಟಾರಿನ ವಿದ್ಯುತ್ ಗದ್ದಲ ಒಳಗಿನ ತಂತಿಗೆ ತಾಗದಂತೆ ಕಾಯಬೇಕಾದದ್ದು, ಪಂಪ್ ಓಡುವಾಗ ಅಳೆದು ನೋಡಿದರೆ ಅದರಲ್ಲೇ ಕರೆಂಟ್ ಹರಿಯುತ್ತಿದೆ, ಕಾವಲಿಗೆ ಇಟ್ಟವನೇ ಗಲಾಟೆ ಎಬ್ಬಿಸಿದ ಹಾಗೆ! ಅಪ್ಪ ಮನೆ ವೈರಿಂಗ್ ಮಾಡುವಾಗ ಟಾರ್ಚ್ ಹಿಡಿಯುತ್ತಿದ್ದೆ, ನೆಲಕ್ಕೆ ಇಳಿಸೋ ಅರ್ತ್ ವಿಷಯದಲ್ಲಿ ಜಿಪುಣತನ ಬೇಡ ಮಗಳೇ, ಸಿಕ್ಕ ಕಡೆಯೆಲ್ಲ ಕಟ್ಟು ಅನ್ನುತ್ತಿದ್ದ — ಅಪ್ಪನ ಮಗಳು ಜಾಲರಿಯನ್ನು ತೊಟ್ಟಿಯ ಹತ್ತಿರವೂ ನೆಲಕ್ಕೆ ಕಟ್ಟಿದೆ, ಪ್ಯಾನೆಲ್‌ನಲ್ಲೂ ಕಟ್ಟಿದೆ, ಅಲ್ಲಿಯ ನೆಲವೇ ಬೇರೆ ಇಲ್ಲಿಯ ನೆಲವೇ ಬೇರೆ, ಎರಡರ ವೋಲ್ಟೇಜ್ ಒಂದೇ ಇರುವುದಿಲ್ಲ, ನಡುವೆ ಜಾಲರಿಯಲ್ಲೇ ಕರೆಂಟಿಗೆ ದಾರಿ ಮಾಡಿಕೊಟ್ಟೆ, ಥೂ ನನ್ನ ಬುದ್ಧಿಗಿಷ್ಟು. ಫೋನ್ ಮಾಡಿದೆ, ಅಪ್ಪಾ, ಕೇಬಲ್ ಜಾಲರಿನ ಎರಡೂ ಕಡೆ ಕಟ್ಟಿದ್ದೇ ತಪ್ಪಾಗಿದೆ, ಒಂದು ಕಡೆ ಬಿಚ್ತೀನಿ. ಎಲ್ಲಿ ನೊಂದುಕೊಳ್ಳುತ್ತಾನೋ ಅಂದುಕೊಂಡರೆ ಅಪ್ಪ, ಪ್ಯಾನೆಲ್ ಪೆಟ್ಟಿಗೆಯ ಅರ್ತ್ ಮುಟ್ಬೇಡ, ಜಾಲರಿದು ಮಾತ್ರ ಬಿಚ್ಚು, ನಿನ್ನ ಕೆಲಸ ನಂಗಿಂತ ನಿಂಗೇ ಗೊತ್ತು ಅಂದ, ಕಣ್ಣು ತುಂಬಿ ಬಂತು. ಪಂಪ್ ಬಂದ್ ಮಾಡಿಸಿ ತೊಟ್ಟಿಯ ತುದಿಯಲ್ಲಿ ಬಿಚ್ಚಿದೆ, ಟೇಪ್ ಸುತ್ತಿದೆ. ಸೂಪರ್‌ವೈಸರ್ ಮುಂದೆ ಹೋಗಿ ನಿಂತೆ, ಸರ್, ತಪ್ಪು ನಂದೇ, ಸೆನ್ಸರ್‌ದಲ್ಲ. ಅವರು ಕನ್ನಡಕದ ಮೇಲಿಂದ ನೋಡಿದರು, ಮೊದ್ಲು ಓಡ್ಸಿ ತೋರ್ಸು, ಆಮೇಲೆ ಬೈತೀನಿ. ಗುಂಡಿ ಒತ್ತಿದೆ, ಮೋಟಾರ್ ಗುಡುಗಿತು, ನೆಲ ನಡುಗುತ್ತಿದೆ, ಉಸಿರು ಬಿಡಲೂ ಭಯ, ನಲವತ್ತೆರಡು, ಅಲ್ಲಾಡಬೇಡ ಕಣೇ, ನಲವತ್ತೆರಡು, ಸೂಪರ್‌ವೈಸರ್ ಬೈಯಲು ಮರೆತು ನಿಂತಿದ್ದಾರೆ, ನಲವತ್ತೆರಡು — ನಲವತ್ತೊಂದು — ಪಂಪ್ ಎಳೆದು ನೀರು ಇಳಿದಷ್ಟೇ, ನಲವತ್ತೊಂದು